ಉಳುಕಿದ ಕಾಲನ್ನು 21 ಕಿಲೋಮೀಟರ್ ಓಡಿಸುವುದು ಹೇಗೆ

ಕಬ್ಬಿನ ಲೋಡು ಓಡಾಡುವ ದಿನಗಳಲ್ಲಿ ನಮ್ಮ ಮಂಡ್ಯದ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿ ಮೇಲೆ ಕತ್ತಲಲ್ಲಿ ಓಡಬೇಡಿ. ಇದು ಮೊದಲನೇ ಸಲಹೆ. ಟ್ರ್ಯಾಕ್ಟರ್ ಚಕ್ರ ಹಸಿ ಮಣ್ಣಲ್ಲಿ ಬಿಟ್ಟ ಜಾಡು ಎರಡು ದಿನ ಬಿಸಿಲು ಬಿದ್ದರೆ ಕಲ್ಲಾಗುತ್ತದೆ, ಬೆಳಗಿನ ಐದೂವರೆಯ ಮಬ್ಬಲ್ಲಿ ಅದು ಕಾಣುವುದೇ ಇಲ್ಲ, ನನ್ನ ಬಲಗಾಲು ಅದರ ಅಂಚಿನ ಮೇಲೆ ಬಿದ್ದು ಒಳಕ್ಕೆ ಮಡಚಿಕೊಂಡಿತು. ಟಪ್ ಅಂತ ಸದ್ದು ಬೇರೆ. ಹಾಲಿನ ಕ್ಯಾನು ಹೊತ್ತ ಬೈಕೊಂದರ ಹಿಂದೆ ಕೂತು ಮನೆಗೆ ಬಂದೆ. ಅವ್ವ ಕಾಲು ನೋಡಿ ಕೇಳಿದ್ದು ಒಂದೇ ಮಾತು: "ಯಾರು ಅಟ್ಟುಸ್ಕೊಂಡ್ ಬಂದಿದ್ರು ಅಂತ ಅಂಗೆ ಓಡ್ದೆ ಮಗ?"

ಅದಾಗಿ ಎಂಟು ತಿಂಗಳಿಗೆ ಮೈಸೂರಲ್ಲಿ 21 ಕಿಲೋಮೀಟರಿನ ಹಾಫ್ ಮ್ಯಾರಥಾನ್ ಮುಗಿಸಿದೆ. ಆರು ತಿಂಗಳಲ್ಲೇ ಆಗಬೇಕಿತ್ತು. ಉಳಿದ ಎರಡು ತಿಂಗಳು ನನ್ನ ದಡ್ಡತನಕ್ಕೆ ಹೋಯಿತು. ಐದನೇ ವಾರ ನೋವು ಹೋಗಿತ್ತು, ಊತ ಇಳಿದಿತ್ತು, ಉಸಿರು ಚೆನ್ನಾಗಿತ್ತು, ಸರಿ ಅಂತ ಒಂದೇ ಸಲ ಎಂಟು ಕಿಲೋಮೀಟರ್ ಓಡಿದೆ. ಮನೆ ಹತ್ತಿರದ ಹಂಪ್ ಮೇಲೆ ಅದೇ ಕಾಲು ಮತ್ತೆ ಉಳುಕಿತು. ಆಗ ಗೊತ್ತಾಗಿದ್ದು: ಉಸಿರು ಬೇಗ ವಾಪಸ್ ಬರುತ್ತದೆ, ಕಾಲು ನಿಧಾನಕ್ಕೆ ಬರುತ್ತದೆ. ಹೃದಯ, ಶ್ವಾಸಕೋಶ ಕೆಲವೇ ವಾರದಲ್ಲಿ ಪಳಗುತ್ತವೆ, ಮೂಳೆಗಳನ್ನು ಕಟ್ಟಿ ಹಿಡಿಯುವ ಲಿಗಮೆಂಟ್‌ಗೆ ತಿಂಗಳುಗಟ್ಟಲೆ ಬೇಕು. ಆದ್ದರಿಂದ "ಇವತ್ತು ಇನ್ನೂ ಓಡಬಹುದು" ಅಂತ ನಿಮ್ಮ ಉಸಿರು ಹೇಳಿದರೆ ನಂಬಬೇಡಿ.

ಮೊದಲ ದಿನಗಳ ವಿಷಯ. ನಮ್ಮ ಕಡೆ ಉಳುಕು ತೆಗೆಯುವವರು ಊರೂರಲ್ಲಿ ಇದ್ದಾರೆ, ಎಣ್ಣೆ ಹಚ್ಚಿ ನೀವಿ, ಒಂದು ಸಲ ಲಟಕ್ ಅನ್ನಿಸಿ ಕಳಿಸುತ್ತಾರೆ. ಅವರ ಮೇಲೆ ನನಗೇನೂ ಕೋಪ ಇಲ್ಲ, ಆದರೆ ಮೂಳೆ ಬಿರುಕು ಬಿಟ್ಟಿದೆಯಾ ಅನ್ನುವುದು ನೀವಿದ ಕೈಗೆ ಗೊತ್ತಾಗಲ್ಲ. ಪೆಟ್ಟಾದ ಕಾಲ ಮೇಲೆ ಭಾರ ಹಾಕಿ ನಾಲ್ಕು ಹೆಜ್ಜೆ ನಡೆಯಲು ಆಗದಿದ್ದರೆ, ಪಾದದ ಎರಡೂ ಪಕ್ಕ ಉಬ್ಬಿರುವ ಗಂಟು ಮೂಳೆಯ ಹಿಂಭಾಗ ಒತ್ತಿದಾಗ ನೋವಾದರೆ, ಅಥವಾ ಕಿರುಬೆರಳಿನ ಕಡೆಯಿಂದ ಪಾದದ ಅಂಚಿನ ನಡುವೆ ಒತ್ತಿದಾಗ ಚುಚ್ಚಿದರೆ, ಸುಮ್ನೆ ಎಕ್ಸ್‌ರೇ ತೆಗೆಸಿ. ಮೂಳೆ ಸರಿಯಿದೆ ಅಂದಮೇಲೆ ಬಟ್ಟೆಯಲ್ಲಿ ಸುತ್ತಿದ ಐಸ್, ಕ್ರೇಪ್ ಬ್ಯಾಂಡೇಜ್, ದಿಂಬಿನ ಮೇಲೆ ಕಾಲು. ಊತ ಇರುವಾಗ ಬಿಸಿ ಶಾಖ ಬೇಡ, ತಿಕ್ಕುವುದೂ ಬೇಡ. ಹಾಗಂತ ವಾರಗಟ್ಟಲೆ ಮಲಗಿದರೆ ಕೀಲು ಪೆಡಸಾಗುತ್ತದೆ. ತಡೆದುಕೊಳ್ಳುವಷ್ಟು ನೋವಿನಲ್ಲಿ ನಡೆಯಲು ಶುರು ಮಾಡಿ, ಎಷ್ಟು, ಯಾವಾಗ ಅನ್ನುವುದನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಕೇಳಿ. ನಾನು ಈ ಖರ್ಚು ಉಳಿಸಲು ಹೋಗಿ ಎರಡನೇ ಸಲ ಉಳುಕಿದ ಮೇಲೆ ಡಬಲ್ ಕೊಟ್ಟೆ.

ಒಮ್ಮೆ ಉಳುಕಿದ ಕಾಲು ಯಾಕೆ ಪದೇಪದೇ ಉಳುಕುತ್ತದೆ ಗೊತ್ತಾ? ಲಿಗಮೆಂಟ್ ಬರೀ ಹಗ್ಗ ಅಲ್ಲ. ಪಾದ ಯಾವ ಕಡೆ ವಾಲುತ್ತಿದೆ ಅಂತ ಮೆದುಳಿಗೆ ತಿಳಿಸುವ ಸಣ್ಣ ನರಗಳೂ ಅದರಲ್ಲಿವೆ. ಹಗ್ಗದ ಜೊತೆ ಆ ಸುದ್ದಿಯೂ ಕೆಡುತ್ತದೆ, ಪಾದ ವಾಲಿದ್ದು ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ. ಇದಕ್ಕೆ ಮಾತ್ರೆ ಇಲ್ಲ, ಒಂಟಿ ಕಾಲಲ್ಲಿ ನಿಲ್ಲುವುದೇ ಮದ್ದು. ಹಲ್ಲುಜ್ಜುವಾಗ ಒಂದು ನಿಮಿಷ ಬಲಗಾಲು, ಒಂದು ನಿಮಿಷ ಎಡಗಾಲು. ಸಲೀಸಾದ ಮೇಲೆ ಗೋಡೆ ಪಕ್ಕ ನಿಂತು ಕಣ್ಣು ಮುಚ್ಚಿ, ಅದೂ ಸಲೀಸಾದರೆ ಮಡಚಿದ ಕಂಬಳಿ ಮೇಲೆ. ಎಷ್ಟು ಸುಲಭ ಅನಿಸುತ್ತೆ ಅಲ್ವಾ? ಕಣ್ಣು ಮುಚ್ಚಿದ ಮೊದಲ ದಿನ ನಾನು ಹತ್ತು ಸೆಕೆಂಡ್ ನಿಲ್ಲಲಿಲ್ಲ, ನನ್ನ ಮಗಳು ಪಕ್ಕದಲ್ಲಿ ಕೊಕ್ಕರೆ ಥರ ನಿಂತು ನಗುತ್ತಿದ್ದಳು.

ಓಟ ಶುರು ಮಾಡುವ ಮೊದಲು ನಾಲ್ಕು ಪರೀಕ್ಷೆ ಇಟ್ಟುಕೊಳ್ಳಿ. ಮುಕ್ಕಾಲು ಗಂಟೆ ಚುರುಕಾಗಿ ನಡೆದರೂ ಮಾರನೇ ಬೆಳಿಗ್ಗೆ ಊತ ಬರಬಾರದು. ಗೋಡೆಗೆ ಮುಖ ಮಾಡಿ, ಹೆಬ್ಬೆರಳನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಇಟ್ಟು, ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ತಾಗಿಸಿ. ಎರಡೂ ಕಾಲಿಗೆ ಒಂದೇ ಥರ ಆಗಬೇಕು. ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತಿ ಇಳಿಸುವುದು 25 ಸಲ, ಇಲ್ಲಿ ಮೀನಖಂಡ ಉರಿಯಬೇಕು, ಆಂಕಲ್ ನೋಯಬಾರದು. ಕೊನೆಗೆ ಕುಂಟೆಬಿಲ್ಲೆ ಥರ ಒಂಟಿ ಕಾಲಲ್ಲಿ ಇಪ್ಪತ್ತು ಸಲ ಕುಪ್ಪಳಿಸುವುದು. ಓಟ ಅಂದರೆ ಒಂದು ಕಾಲಿಂದ ಇನ್ನೊಂದು ಕಾಲಿಗೆ ನೆಗೆಯುವುದೇ ತಾನೆ. ಕುಪ್ಪಳಿಸಲು ಹೆದರುವ ಕಾಲು ಓಡಲು ರೆಡಿ ಇಲ್ಲ.

ಪಾಸಾದರೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಹತ್ತು ಸಲ, ದಿನ ಬಿಟ್ಟು ದಿನ. ವಾರಕ್ಕೊಮ್ಮೆ ಓಟ ಸ್ವಲ್ಪ ಜಾಸ್ತಿ ಮಾಡಿ, ನಡಿಗೆ ಸ್ವಲ್ಪ ಕಡಿಮೆ ಮಾಡಿ. ಅರ್ಧ ಗಂಟೆ ನಿಲ್ಲದೆ ಓಡುವಷ್ಟಾಗಲು ನನಗೆ ಏಳು ವಾರ ಬೇಕಾಯಿತು. ಈ ಹಂತದಲ್ಲಿ ಜಾಗ ಮುಖ್ಯ. ನಾಲೆ ಏರಿ ಮರೆತುಬಿಡಿ. ಮಂಡ್ಯದವರಿಗೆ ಸರ್ ಎಂ.ವಿ. ಸ್ಟೇಡಿಯಂ ಇದೆ, ಮೈಸೂರಿನವರಿಗೆ ಚಾಮುಂಡಿ ವಿಹಾರ ಸ್ಟೇಡಿಯಂ. ಟ್ರ್ಯಾಕ್‌ನಲ್ಲಿ ಒಂದೇ ಕಡೆ ತಿರುಗುತ್ತಿದ್ದರೆ ಎರಡು ಕಾಲಿಗೂ ಒಂದೇ ಥರ ಭಾರ ಬೀಳುವುದಿಲ್ಲ, ಜನ ಕಡಿಮೆ ಇದ್ದಾಗ ಹೊರಗಿನ ಲೇನ್‌ನಲ್ಲಿ ಉಲ್ಟಾ ಕಡೆಗೂ ಓಡಿ. ರಸ್ತೆಯ ಅಂಚಿನ ಇಳಿಜಾರೂ ಹೀಗೇ ಮೋಸ ಮಾಡುತ್ತದೆ. ಕಾಲಿಗೆ ಸ್ವಲ್ಪ ಧೈರ್ಯ ಬಂದಮೇಲೆ ಕುಕ್ಕರಹಳ್ಳಿ ಕೆರೆಯ ಮಣ್ಣಿನ ದಾರಿ. ಕುವೆಂಪು ಅವರು ವಾಕಿಂಗ್ ಹೋಗುತ್ತಿದ್ದ ಕೆರೆ, ನಿಧಾನಕ್ಕೆ ಹೋಗುವವರಿಗೆ ಅಲ್ಲಿ ಮರ್ಯಾದೆ ಇದೆ.

ನೋವಿಗೆ ಒಂದು ಲೆಕ್ಕ ಇಡಿ. ಸೊನ್ನೆಯಿಂದ ಹತ್ತರಲ್ಲಿ ಮೂರರವರೆಗೆ ಇದ್ದು, ಮಾರನೇ ಬೆಳಿಗ್ಗೆ ಮೊದಲಿನಂತಾದರೆ ಪರವಾಗಿಲ್ಲ. ಅದಕ್ಕಿಂತ ಜಾಸ್ತಿಯಾದರೆ, ಅಥವಾ ಓಟದಲ್ಲಿ ನೀವು ಕುಂಟಿದರೆ, ಅಲ್ಲಿಗೇ ನಿಲ್ಲಿಸಿ ಆಟೋ ಹತ್ತಿ. ಓಡುವ ಮೊದಲು ನೋವಿನ ಮಾತ್ರೆ ನುಂಗುವವರನ್ನು ನೋಡಿದ್ದೇನೆ. ಐಬುಪ್ರೊಫೆನ್, ಡೈಕ್ಲೊಫೆನಾಕ್ ನೋವನ್ನು ಮುಚ್ಚಿಡುತ್ತವೆ, ಬೆವರಿ ನೀರು ಕಡಿಮೆಯಾದ ಮೈಯಲ್ಲಿ ಕಿಡ್ನಿಗೂ ಹೊರೆ. ದಯವಿಟ್ಟು ಬೇಡ.

ಅರ್ಧ ಗಂಟೆ ಓಡಲು ಬಂದಮೇಲೆ ಹಾಫ್ ಮ್ಯಾರಥಾನ್‌ಗೆ 16 ವಾರ ಇಟ್ಟುಕೊಳ್ಳಿ. ಭಾನುವಾರದ ಉದ್ದದ ಓಟ ನಾನು ಹೀಗೆ ಬೆಳೆಸಿದೆ: 5, 6, 7, ಆಮೇಲೆ ಇಳಿಸಿ 5, 8, 9.5, 11, ಇಳಿಸಿ 8, 12, 13.5, 15, ಇಳಿಸಿ 10, 16.5, 18, ಕೊನೆಯ ಎರಡು ವಾರ 12 ಮತ್ತು 6. ಪ್ರತಿ ನಾಲ್ಕನೇ ವಾರ ಇಳಿಸುವುದನ್ನು ಮಾತ್ರ ಬಿಡಬೇಡಿ. ಅಭ್ಯಾಸದಲ್ಲಿ 21 ಓಡಲೇಬೇಕು ಅಂತಿಲ್ಲ, 18 ಸಾಕು. ವಾರದ ನಡುವೆ ಎರಡು ದಿನ ಐದಾರು ಕಿಲೋಮೀಟರ್, ಮಾತಾಡಿಕೊಂಡು ಓಡುವ ವೇಗದಲ್ಲಿ. ಹಿಮ್ಮಡಿ ಎತ್ತುವುದು, ಒಂಟಿ ಕಾಲ ನಿಲ್ಲುವುದು ಕೊನೆವರೆಗೂ ಇರಲಿ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವುದು ಒಳ್ಳೆಯ ವ್ಯಾಯಾಮ. ಇಳಿಯುವಾಗ ದಣಿದ ಕಾಲು ಅಂಚು ತಪ್ಪುತ್ತದೆ, ಹತ್ತಿದ ಮೇಲೆ ಸಿಟಿ ಬಸ್ಸಲ್ಲಿ ಇಳಿದು ಬನ್ನಿ, ಯಾರೂ ನಗುವುದಿಲ್ಲ. ಶೂ 500 ರಿಂದ 800 ಕಿಲೋಮೀಟರ್ ಓಡಿದ್ದರೆ ಬದಲಿಸಿ, ಆದರೆ ಓಟದ ದಿನ ಹೊಸದು ಹಾಕಬೇಡಿ. ಆಂಕಲ್ ಬ್ರೇಸ್ ಹಾಕುವುದಾದರೆ ಅದನ್ನೂ ಉದ್ದದ ಓಟಗಳಲ್ಲೇ ಹಾಕಿ ನೋಡಿ, ಎಲ್ಲಿ ಉಜ್ಜುತ್ತದೆ ಅಂತ ಹನ್ನೆರಡನೇ ಕಿಲೋಮೀಟರ್ ಆದಮೇಲೇ ತಿಳಿಯುತ್ತದೆ.

ಊಟದಲ್ಲಿ ಒಂದೇ ಕಷ್ಟ. ಸಾಹಿತ್ಯ ಸಮ್ಮೇಳನದಲ್ಲೂ ಬಾಡೂಟ ಬೇಕು ಅಂತ ಪಟ್ಟು ಹಿಡಿದ ಜಿಲ್ಲೆ ನಮ್ಮದು, ಆದರೂ ಓಟದ ಹಿಂದಿನ ರಾತ್ರಿ ಅನ್ನ, ತಿಳಿಸಾರು ಸಾಕು. ಬೆಳಿಗ್ಗೆ ಎರಡು ಇಡ್ಲಿ ಅಥವಾ ಬಾಳೆಹಣ್ಣು, ಓಟಕ್ಕೆ ಒಂದೂವರೆ ಗಂಟೆ ಮೊದಲು. ಎಳನೀರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ಬೆವರಲ್ಲಿ ಹೋಗುವುದು ಹೆಚ್ಚಾಗಿ ಸೋಡಿಯಂ, ಹಾಗಾಗಿ ಎಳನೀರಿಗಿಂತ ಓಆರ್‌ಎಸ್ ವಾಸಿ. ಎಳನೀರಿನ ಮಾರುಕಟ್ಟೆ ಇರುವ ಮದ್ದೂರಿನವರು ಬೈದುಕೊಳ್ಳಲಿ.

ಓಟದ ದಿನ ಕಟ್‌ಆಫ್ ಸಮಯ (ಎಷ್ಟರೊಳಗೆ ಮುಗಿಸಬೇಕು ಅನ್ನುವುದು) ಮೊದಲೇ ನೋಡಿಟ್ಟುಕೊಳ್ಳಿ. ಕಿಲೋಮೀಟರಿಗೆ ಎಂಟೂವರೆ ನಿಮಿಷದಂತೆ ಹೋದರೆ 21.1 ಕಿಲೋಮೀಟರ್ ಮೂರು ಗಂಟೆಯೊಳಗೆ ಮುಗಿಯುತ್ತದೆ, ಇಳಿಜಾರು, ಹಂಪ್ ಬಂದಾಗ ನಡೆದರೂ ಅಷ್ಟೇನೂ ನಷ್ಟ ಆಗಲ್ಲ. ಶುರುವಿನ ಗುಂಪಲ್ಲಿ ಹಿಂದೆ ನಿಲ್ಲಿ, ನಡುವೆ ಸಿಕ್ಕಿಕೊಂಡರೆ ಮುಂದಿನವರ ಕಾಲ ಸಂದಿಯಲ್ಲಿ ಗುಂಡಿ ಕಾಣುವುದಿಲ್ಲ. ಹದಿನಾರನೇ ಕಿಲೋಮೀಟರ್ ಆದಮೇಲೆ ಮೀನಖಂಡ ಸೋತು ಪಾದ ಎಳೆಯಲು ಶುರುವಾಗುತ್ತದೆ, ಉಳುಕುವುದು ಆಗಲೇ, ಅಲ್ಲಿಂದ ಹೆಜ್ಜೆ ಚಿಕ್ಕದು ಮಾಡಿ. ನಾನು 2 ಗಂಟೆ 51 ನಿಮಿಷಕ್ಕೆ ಮುಗಿಸಿ, ಮಂಡ್ಯಕ್ಕೆ ರೈಲಲ್ಲಿ ನಿಂತೇ ಬಂದೆ. ಮಾರನೇ ಬೆಳಿಗ್ಗೆ ಎರಡೂ ಕಾಲು ಪಕ್ಕಪಕ್ಕ ಇಟ್ಟು ನೋಡಿದೆ. ಬಲಗಾಲು ಸರಿಯಾಗಿತ್ತು. ಎಡಗಾಲ ಹೆಬ್ಬೆರಳಿನ ಉಗುರು ಕಪ್ಪಾಗಿತ್ತು, ಅವ್ವ ಅದನ್ನೂ ಬಿಡಲಿಲ್ಲ.