ಸಿ ಪ್ರೋಗ್ರಾಂಗೆ ಮೆಮೊರಿ ಸಿಗದಿದ್ದಾಗ: ದೋಷ ನಿರ್ವಹಣೆಯನ್ನು ಓರಣಗೊಳಿಸುವ ಬಗೆ

ಶಿರಸಿಯ ಅಡಿಕೆ ವಹಿವಾಟಿನಲ್ಲಿ ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು ಎಂದು ಬೇರೆಬೇರೆಯಾಗಿ ಬರುವ ಲಾಟುಗಳ ದರವನ್ನು ಫೈಲ್‌ನಿಂದ ಓದಿ, ವಿಂಗಡಿಸಿ, ಪಟ್ಟಿ ಮಾಡಿಕೊಡುವ ಪುಟ್ಟ ಕಮಾಂಡ್‌ಲೈನ್ ಪ್ರೋಗ್ರಾಂ ಒಂದು ಸಿ ಭಾಷೆಯಲ್ಲಿದೆ ಎಂದಿಟ್ಟುಕೊಳ್ಳಿ. ಎಷ್ಟು ಸಾಲು ಬರುತ್ತದೆಂದು ಮೊದಲೇ ತಿಳಿಯದ್ದರಿಂದ ಅದು ಮೆಮೊರಿ ಕೇಳುವ ಮ್ಯಾಲಾಕ್, ಪಡೆದ ಜಾಗದ ಗಾತ್ರ ಬದಲಿಸುವ ರಿಯಾಲಾಕ್ ಫಂಕ್ಷನ್‌ಗಳನ್ನು ಹತ್ತಾರು ಕಡೆ ಕರೆಯುತ್ತದೆ. ಮೆಮೊರಿ ಸಿಕ್ಕಿತೇ ಎಂಬ ತಪಾಸಣೆ ಮಾತ್ರ ಒಂದೊಂದು ಕಡೆ ಒಂದೊಂದು ಥರ, ಕೆಲವೆಡೆ ಇಲ್ಲವೇ ಇಲ್ಲ.

ಮೊದಲು ಈ ತಪಾಸಣೆಗಳನ್ನೆಲ್ಲ ಒಂದೇ ಫಂಕ್ಷನ್ನಿಗೆ ತನ್ನಿ. ಅದಕ್ಕೆ ಎಕ್ಸ್‌ಮ್ಯಾಲಾಕ್ ಎಂದು ಹೆಸರಿಡುವುದು ಹಳೆಯ ರೂಢಿ. ಮ್ಯಾಲಾಕ್ ನಲ್ (ಜಾಗ ಸಿಗಲಿಲ್ಲ ಎಂದು ಸೂಚಿಸುವ ಖಾಲಿ ವಿಳಾಸ) ಹಿಂದಿರುಗಿಸಿದರೆ ಅದು ಪ್ರೋಗ್ರಾಂನ ಹೆಸರಿನೊಂದಿಗೆ ಸಂದೇಶವನ್ನು, ದೋಷ ಸಂದೇಶಗಳಿಗೆಂದೇ ಇರುವ ಸ್ಟ್ಯಾಂಡರ್ಡ್ ಎರರ್‌ಗೆ ಬರೆದು, ವಿಫಲತೆ ಸೂಚಿಸುವ, ಸೊನ್ನೆಯಲ್ಲದ ಎಕ್ಸಿಟ್ ಕೋಡ್‌ನೊಂದಿಗೆ ನಿಲ್ಲಲಿ. ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಬರೆದರೆ ಸಂದೇಶ ದರಪಟ್ಟಿಯೊಳಗೇ ಬೆರೆತುಹೋಗುತ್ತದೆ. ಸೊನ್ನೆ ಬೈಟ್ ಕೇಳಿದಾಗ ನಲ್ ಕೊಡಲು ಮ್ಯಾಲಾಕ್‌ಗೆ ಅವಕಾಶವಿರುವುದರಿಂದ, ಸೊನ್ನೆಯ ಬದಲು ಒಂದು ಬೈಟ್ ಕೇಳಿ. ಇಲ್ಲವಾದರೆ ಖಾಲಿ ಫೈಲ್ ಕೊಟ್ಟವರಿಗೂ ಮೆಮೊರಿ ಮುಗಿದಿದೆ ಎಂಬ ಸುಳ್ಳು ಸುದ್ದಿ ಹೋದೀತು.

ರಿಯಾಲಾಕ್‌ಗೆ ಹೆಚ್ಚಿನ ಎಚ್ಚರ ಬೇಕು. ಅದು ವಿಫಲವಾದಾಗ ಹಳೆಯ ಜಾಗ ಹಾಗೆಯೇ ಉಳಿದಿರುತ್ತದೆ. ಫಲಿತಾಂಶವನ್ನು ಜಾಗದ ವಿಳಾಸ ಹಿಡಿದಿರುವ ಅದೇ ಪಾಯಿಂಟರ್‌ಗೆ ನೇರವಾಗಿ ತುಂಬಿದರೆ ಆ ಜಾಗದ ವಿಳಾಸ ಕಳೆದುಹೋಗುತ್ತದೆ. ಕೂಡಲೇ ಮುಗಿಯುವ ಪ್ರೋಗ್ರಾಂನಲ್ಲಿ ಆ ಮೆಮೊರಿಯನ್ನು ಕಾರ್ಯವ್ಯವಸ್ಥೆಯೇ ವಾಪಸು ಪಡೆಯುತ್ತದೆ, ನಿಜ. ಆದರೆ ಅಲ್ಲಿಯವರೆಗೆ ಓದಿದ ಸಾಲುಗಳನ್ನು ಉಳಿಸಬೇಕೆಂದಿದ್ದರೆ ವಿಳಾಸ ಬೇಕೇ ಬೇಕು. ಆದ್ದರಿಂದ ತಾತ್ಕಾಲಿಕ ಪಾಯಿಂಟರ್‌ನಲ್ಲಿ ಪಡೆದು, ಪರೀಕ್ಷಿಸಿ, ಬಳಿಕವೇ ವರ್ಗಾಯಿಸಿ.

ಇದಕ್ಕಿಂತ ಅಪಾಯಕಾರಿಯಾದುದು ಗುಣಾಕಾರ. ಸಾಲುಗಳ ಸಂಖ್ಯೆಯನ್ನು ಒಂದರ ಗಾತ್ರದಿಂದ ಗುಣಿಸಿದಾಗ, ಗಾತ್ರಗಳನ್ನು ಇಡುವ ಸಿ ಭಾಷೆಯ ಸಂಖ್ಯಾ ಬಗೆಯಾದ ಸೈಜ್‌-ಟಿ ಮಿತಿ ಮೀರಿದರೆ ಗುಣಲಬ್ಧ ಸುತ್ತಿಬಂದು ಚಿಕ್ಕದಾಗುತ್ತದೆ, ಮ್ಯಾಲಾಕ್ ಸಂತೋಷದಿಂದ ಚಿಕ್ಕ ಜಾಗ ಕೊಡುತ್ತದೆ, ಬರೆಯುವಾಗ ಪಕ್ಕದ ದತ್ತಾಂಶ ಹಾಳಾಗುತ್ತದೆ. ಗುಣಿಸುವ ಮೊದಲೇ ಭಾಗಾಕಾರದಿಂದ ಪರೀಕ್ಷಿಸಿ, ಅಥವಾ ಆ ಪರೀಕ್ಷೆಯನ್ನು ತಾನೇ ಮಾಡುವ, ಕಾರ್ಯವ್ಯವಸ್ಥೆಯಾದ ಓಪನ್‌ಬಿಎಸ್‌ಡಿಯಿಂದ ಬಂದ, 2017ರ ಸಿ ಲೈಬ್ರರಿ ಜಿಲಿಬ್‌ಸಿ 2.26ರಿಂದ ಲಿನಕ್ಸ್‌ನಲ್ಲೂ ಸಿಗುವ ರಿಯಾಲಾಕ್‌ಅರೇ ಬಳಸಿ.

ಲಿನಕ್ಸ್‌ ತನ್ನಲ್ಲಿಲ್ಲದ ಮೆಮೊರಿಯನ್ನೂ ಕೊಡುವುದಾಗಿ ಒಪ್ಪಿ, ಆಮೇಲೆ ಪ್ರಕ್ರಿಯೆಯನ್ನೇ ಕೊಲ್ಲುವುದುಂಟು. ಹಾಗಾಗಿ ತಪಾಸಣೆ ವ್ಯರ್ಥ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ, ಏಕೆಂದರೆ ಮಿತಿ ಹಾಕಿದ ಸರ್ವರ್‌ಗಳಲ್ಲಿ ನಲ್ ನಿಜವಾಗಿಯೂ ಬರುತ್ತದೆ. ಪರೀಕ್ಷಿಸಲು, ಕಮಾಂಡ್ ಶೆಲ್ ಆದ ಬ್ಯಾಶ್‌ನ ಸಬ್‌ಶೆಲ್‌ನಲ್ಲಿ ಯುಲಿಮಿಟ್‌ನ ವಿ ಆಯ್ಕೆಯಿಂದ ಮೆಮೊರಿಗೆ ಕಿಲೋಬೈಟ್ ಲೆಕ್ಕದ ಮಿತಿ ಹಾಕಿ, ದೊಡ್ಡ ಫೈಲ್ ಕೊಟ್ಟು ನೋಡಿ. ಎಕ್ಸಿಟ್ ಕೋಡ್ ಜೊತೆಗೆ ಹಿಂದಿನ ದರಪಟ್ಟಿಯನ್ನೂ ತೆರೆದು ನೋಡಿ: ಅದು ಅರ್ಧಕ್ಕೆ ತುಂಡಾಗಿದ್ದರೆ, ಪ್ರೋಗ್ರಾಂ ಮೊದಲು ತಾತ್ಕಾಲಿಕ ಫೈಲ್‌ಗೆ ಬರೆದು, ಎಲ್ಲ ಮುಗಿದ ಮೇಲಷ್ಟೇ ಹೆಸರು ಬದಲಿಸುವಂತೆ ತಿದ್ದಿ.