ಅಜ್ಜನ ಕೋವಿಗೆ ಹಿಡಿದ ತುಕ್ಕು: ಎಷ್ಟು ತೆಗೆಯಬೇಕು, ಎಲ್ಲಿ ನಿಲ್ಲಿಸಬೇಕು

ಕೈಲ್‌ಪೋಳ್ದ್ ಎಂಬ ಆಯುಧಪೂಜೆಯ ಹಬ್ಬ ಹತ್ತಿರ ಬಂತು ಅನ್ನುವಾಗ ಕೊಡಗಿನ ಎಷ್ಟೋ ಮನೆಗಳಲ್ಲಿ ಹಳೇ ಕೋವಿ ಬೀರುವಿನಿಂದ ಹೊರಗೆ ಬರುತ್ತದೆ. ಮೂರು ತಿಂಗಳು ಮಳೆ ಹೊಡೆದಿರುತ್ತದೆ, ನಳಿಗೆಯ ಮೇಲೆ ಕೆಂಪು ಹುಡಿ ಕೂತಿರುತ್ತದೆ. ಮನೆಯಲ್ಲಿ ಯಾರೋ ಒಬ್ಬರು ಉತ್ಸಾಹದಿಂದ ಎಮರಿ ಪೇಪರ್ ತರುತ್ತಾರೆ, ಇನ್ನೊಬ್ಬರು ಗ್ರೈಂಡರಿಗೆ ತಂತಿ ಬ್ರಷ್ ಸಿಕ್ಕಿಸುತ್ತಾರೆ. ಸಂಜೆ ಹೊತ್ತಿಗೆ ನಳಿಗೆ ಹೊಸ ಸ್ಟೀಲ್ ಲೋಟದ ಹಾಗೆ ಮಿಂಚುತ್ತದೆ, ಎಲ್ಲರೂ ಭೇಷ್ ಅನ್ನುತ್ತಾರೆ. ಆದರೆ ಮಾಡಿದವನು ಹಾಕಿದ್ದ ಕಂದು ಬಣ್ಣ, ಕೊರೆದಿದ್ದ ಹೆಸರು, ಬುಡದಲ್ಲಿದ್ದ ಸಣ್ಣ ಮುದ್ರೆ ಎಲ್ಲ ಆ ಒಂದೇ ದಿನದಲ್ಲಿ ಹೋಗಿಬಿಡುತ್ತದೆ. ಅದನ್ನು ಮತ್ತೆ ತರಲು ಯಾರಿಂದಲೂ ಆಗುವುದಿಲ್ಲ. ಇಷ್ಟು ಸಾಲದು ಅಂತ ಆ ಬರಿ ಕಬ್ಬಿಣಕ್ಕೆ ಮುಂದಿನ ಮಳೆಗಾಲದಲ್ಲಿ ಮೊದಲಿಗಿಂತ ಬೇಗ ತುಕ್ಕು ಹಿಡಿಯುತ್ತದೆ. ಇದನ್ನು ಒಂದಲ್ಲ, ಹಲವು ಮನೆಗಳಲ್ಲಿ ನೋಡಿದ್ದೇನೆ. ಅದಕ್ಕೇ ಈ ಲೇಖನ.

ಇಲ್ಲಿ ಹೇಳುವುದು ಮುಖ್ಯವಾಗಿ ಕೇಪಿನ ಕೋವಿಯ ಬಗ್ಗೆ, ಅಂದರೆ ಬಾಯಿಯಿಂದ ಮದ್ದು ತುಂಬಿ, ಕೇಪು ಅನ್ನುವ ಸಣ್ಣ ಸಿಡಿಮದ್ದಿನ ಟೊಪ್ಪಿಯಿಂದ ಕಿಡಿ ಹೊತ್ತಿಸುವ ಹಳೇ ಕೋವಿ. ತೋಟೆ (ಕಾರ್ಟ್ರಿಜ್) ಹಾಕುವ ಜೋಡು ನಳಿಗೆಯದ್ದಾದರೂ ಹೊರಗಿನ ಕೆಲಸ ಇದೇ. ಒಡಿಕತ್ತಿ, ಪೀಚೆಕತ್ತಿಗಳಿಗೂ ಇದೇ ವಿಧಾನ ಸಾಕು.

ಕಾಗದದ ವಿಷಯ ಮೊದಲು ಮುಗಿಸೋಣ. ಕೊಡವರಿಗೆ ಮತ್ತು ಜಮ್ಮಾ ಅನ್ನುವ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ವಿನಾಯಿತಿ ಅಂದರೆ ಲೈಸೆನ್ಸ್ ಬೇಡ ಅಂತ, ದಾಖಲೆಯೇ ಬೇಡ ಅಂತಲ್ಲ. ಕೋವಿ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇದ್ದರೆ ಮಡಿಕೇರಿಯ ಡಿಸಿ ಕಚೇರಿಯಲ್ಲಿ ನಿಮ್ಮ ಹೆಸರಿಗೆ ಮಾಡಿಸಿಕೊಂಡು ಆಮೇಲೆ ಅದನ್ನು ರಿಪೇರಿಗೆ ಅಂತ ಹೊರಗೆ ಒಯ್ಯಿರಿ. ವಿನಾಯಿತಿ ಇಲ್ಲದವರಿಗೆ ಲೈಸೆನ್ಸ್ ಬೇಕೇ ಬೇಕು. ಇನ್ನೊಂದು ಮಾತು: ಕೋವಿಯ ಮೇಲಿನ ಹೆಸರು, ನಂಬರು ಅಳಿಸುವುದು ಆಯುಧ ಕಾಯ್ದೆಯ ಪ್ರಕಾರ ಅಪರಾಧ. ಎಮರಿ ಪೇಪರ್ ಕೈಗೆತ್ತಿಕೊಳ್ಳುವವರು ಇದನ್ನೂ ನೆನಪಿಡಬೇಕು.

ಒಳಗೆ ಮದ್ದು ಇದೆಯಾ?

ಇದನ್ನು ನೋಡದೆ ಒಂದು ಸ್ಕ್ರೂ ಕೂಡ ಮುಟ್ಟಬೇಡಿ. ಹಿಂದೆ ಕಾಡುಹಂದಿಗೆ ಅಂತ ತುಂಬಿಟ್ಟ ಕೋವಿಯನ್ನು ಹಾಗೇ ಗೋಡೆಗೆ ಒರಗಿಸುತ್ತಿದ್ದರು, ಅದನ್ನು ಖಾಲಿ ಮಾಡುವ ಮೊದಲೇ ತುಂಬಿಟ್ಟವರು ತೀರಿಹೋಗಿರಬಹುದು. ಕಪ್ಪು ಮದ್ದು ಒಣಗಿದ್ದರೆ ಎಷ್ಟು ವರ್ಷವಾದರೂ ಸಾಯುವುದಿಲ್ಲ. ಕುದುರೆಯ, ಅಂದರೆ ಕೇಪಿಗೆ ಬಡಿಯುವ ಸುತ್ತಿಗೆಯ, ಕೆಳಗೆ ಹಳೇ ಕೇಪು ಅಂಟಿಕೊಂಡಿದ್ದರೆ ಅದನ್ನು ಚಾಕುವಿನಿಂದ ಕೆದಕಬೇಡಿ, ಅಲ್ಲಿಗೇ ನಿಲ್ಲಿಸಿ.

ಕೇಪು ಇಲ್ಲ ಅಂತ ಖಾತ್ರಿಯಾದರೆ ಒಂದು ಉದ್ದ ಮರದ ಕೋಲು ತೆಗೆದುಕೊಳ್ಳಿ. ನಳಿಗೆಯ ಬಾಯಿಗೆ ಮುಖ ಕೊಡದೆ, ಪಕ್ಕದಲ್ಲಿ ನಿಂತು, ಕೋಲನ್ನು ಮೆಲ್ಲಗೆ ತಳ ಮುಟ್ಟುವವರೆಗೆ ಇಳಿಸಿ. ಬಾಯಿಯ ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಿ. ಈಗ ಕೋಲನ್ನು ಹೊರಗೆ ತೆಗೆದು, ಆ ಗುರುತು ಬಾಯಿಯ ಮಟ್ಟಕ್ಕೆ ಬರುವ ಹಾಗೆ ನಳಿಗೆಯ ಪಕ್ಕದಲ್ಲೇ ಹಿಡಿದು ನೋಡಿ. ಕೋಲಿನ ತುದಿ ಕೇಪು ಕೂರಿಸುವ ತೊಟ್ಟಿನ ಹತ್ತಿರದವರೆಗೆ ಬಂದರೆ ನಳಿಗೆ ಖಾಲಿ. ಎರಡು ಮೂರು ಇಂಚು ಮುಂಚೆಯೇ ನಿಂತರೆ ಒಳಗೆ ಏನೋ ಇದೆ. ಅದು ಹುಳದ ಗೂಡಿನ ಕಸವೂ ಆಗಿರಬಹುದು, ಆದರೆ ಈಡು, ಅಂದರೆ ತುಂಬಿಟ್ಟ ಮದ್ದುಗುಂಡು, ಅಂತಲೇ ತಿಳಿಯಿರಿ. ಬಿಸಿ ಮಾಡುವುದು, ಡ್ರಿಲ್ ಹಾಕುವುದು, 'ಸುಮ್ನೆ ಒಂದು ಕೇಪು ಹಾಕಿ ಹೊಡೆದುಬಿಡೋಣ' ಅನ್ನುವುದು ಯಾವುದೂ ಬೇಡ. ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಕೈಗೆ ಕೊಡಿ.

ಬಿಚ್ಚುವುದು

ಎಷ್ಟು ಕಡಿಮೆ ಬಿಚ್ಚಿದರೆ ಅಷ್ಟು ಒಳ್ಳೆಯದು. ನಳಿಗೆಯನ್ನು ಮರದಿಂದ ಬೇರೆ ಮಾಡಿದರೆ ಸಾಕು. ಅಡ್ಡ ಕೀಲನ್ನು ಮರದ ತುಂಡು ಇಟ್ಟು ಮೆಲ್ಲಗೆ ತಟ್ಟಿ ತೆಗೆಯಿರಿ. ಹಳೇ ಸ್ಕ್ರೂಗಳ ಸೀಳು ತೀರಾ ಸಣ್ಣ, ಅಂಗಡಿಯ ಸ್ಕ್ರೂಡ್ರೈವರ್ ತುದಿ ಅದರೊಳಗೆ ಪೂರ್ತಿ ಕೂರುವುದಿಲ್ಲ, ಜಾರಿ ತಲೆ ಕೆಡಿಸುತ್ತದೆ. ಒಂದು ಹಳೇ ಸ್ಕ್ರೂಡ್ರೈವರನ್ನು ಅರದಿಂದ ಉಜ್ಜಿ ಸೀಳಿಗೆ ಸರಿಯಾಗಿ ಕೂರುವಂತೆ ಮಾಡಿಕೊಳ್ಳಿ. ಬರದಿದ್ದರೆ ಎಣ್ಣೆ ಹಾಕಿ ಎರಡು ದಿನ ಬಿಡಿ. ಆಗಲೂ ಬರದಿದ್ದರೆ ಅದು ಅಲ್ಲೇ ಇರಲಿ. ಕೇಪಿನ ತೊಟ್ಟನ್ನು ಇಕ್ಕಳದಿಂದ ತಿರುಗಿಸಲು ಹೋಗಲೇಬೇಡಿ, ಮುರಿಯುತ್ತದೆ. ಬಿಚ್ಚುವ ಮೊದಲು ಫೋನಿನಲ್ಲಿ ಎಲ್ಲ ಕಡೆಯಿಂದ ಫೋಟೋ ತೆಗೆದುಕೊಳ್ಳಿ.

ಕೆಂಪು ಬೇರೆ, ಕಂದು ಬೇರೆ

ಹೆಚ್ಚಿನವರು ಎಡವುವುದು ಇಲ್ಲೇ. ಹಳೇ ನಳಿಗೆಯ ಕಂದು ಬಣ್ಣ ಕೊಳೆಯಲ್ಲ. ಆ ಕಾಲದಲ್ಲಿ ನಳಿಗೆಗೆ ಬೇಕೆಂದೇ ತೆಳ್ಳಗೆ ತುಕ್ಕು ಬರಿಸಿ, ಉಜ್ಜಿ, ಮತ್ತೆ ಬರಿಸಿ, ಹೀಗೆ ಪದರ ಪದರವಾಗಿ ಬಣ್ಣ ಕಟ್ಟುತ್ತಿದ್ದರು. ಆ ಪದರ ಗಟ್ಟಿ, ನುಣುಪು, ಕೆಳಗಿನ ಕಬ್ಬಿಣಕ್ಕೆ ಕಾವಲು. ಕೆಲವು ನಳಿಗೆಗಳಲ್ಲಿ ಆ ಕಂದಿನೊಳಗೆ ಸುರುಳಿ ಸುರುಳಿ ಗೆರೆಗಳು ಕಾಣುತ್ತವೆ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಒಟ್ಟಿಗೆ ಹೆಣೆದು, ಸುತ್ತಿ, ಬಡಿದು ಮಾಡಿದ ಡಮಾಸ್ಕಸ್ ನಳಿಗೆ ಅದು. ಕಂದು ಬಣ್ಣ ಹೋದರೆ ಆ ಚಿತ್ತಾರವೂ ಕಣ್ಣಿಗೆ ಕಾಣದಾಗುತ್ತದೆ.

ನಮ್ಮ ಜಗಳ ಏನಿದ್ದರೂ ಕೆಂಪು ತುಕ್ಕಿನ ಜೊತೆ. ಅದು ಇಟ್ಟಿಗೆ ಬಣ್ಣ, ಒರಟು, ಬೆರಳು ಆಡಿಸಿದರೆ ಹುಡಿ ಅಂಟುತ್ತದೆ. ನೀರನ್ನು ಹಿಡಿದಿಟ್ಟುಕೊಂಡು ಕೆಳಗೆ ಕೆಳಗೆ ತಿನ್ನುತ್ತಾ ಹೋಗುತ್ತದೆ.

ಬೇಕಾದ ಸಾಮಾನು ಇಷ್ಟೇ: ಹೊಲಿಗೆ ಯಂತ್ರದ ಎಣ್ಣೆ, ಹಳೇ ಬಿಳಿ ಹತ್ತಿ ಬಟ್ಟೆ, ಬಿದಿರಿನ ಸೀಳು, ಒಂದು ಹಳೇ ತಾಮ್ರದ ಕಾಸು, ನಾಲ್ಕು ಸೊನ್ನೆಯ ಸ್ಟೀಲ್ ವುಲ್. ನಾಲ್ಕು ಸೊನ್ನೆ ಅಂದರೆ ಅತಿ ನಯವಾದದ್ದು, ಪೀಠೋಪಕರಣದ ಪಾಲಿಶ್ ಸಾಮಾನು ಮಾರುವಲ್ಲಿ ಕೇಳಿ. ಪಾತ್ರೆ ತಿಕ್ಕುವ ಸ್ಟೀಲ್ ನಾರು ಇದಲ್ಲ, ಅದು ಗೀರು ಹಾಕುತ್ತದೆ.

ತುಕ್ಕಿನ ಜಾಗಕ್ಕೆ ಎಣ್ಣೆ ಧಾರಾಳ ಹಚ್ಚಿ, ಒಂದು ರಾತ್ರಿ ಬಿಡಿ. ಮರುದಿನ ಬೆಳಕಿರುವ ಕಡೆ ಕೂತು ಎರಡು ಇಂಚು ಜಾಗ ಮಾತ್ರ ಆರಿಸಿಕೊಳ್ಳಿ, ಅದೂ ಯಾರಿಗೂ ಕಾಣದ, ಮರದೊಳಗೆ ಕೂರುವ ಕೆಳಭಾಗದಲ್ಲಿ. ದಪ್ಪ ಹೊಪ್ಪಳೆ ಇದ್ದರೆ ಮೊದಲು ಕಾಸಿನ ಅಂಚಿನಿಂದ ತಳ್ಳಿ. ತಾಮ್ರ ಕಬ್ಬಿಣಕ್ಕಿಂತ ಮೆದು, ಹಾಗಾಗಿ ತುಕ್ಕು ಏಳುತ್ತದೆ, ನಳಿಗೆಗೆ ಗೀರು ಬೀಳುವುದಿಲ್ಲ. ಕೆತ್ತನೆಯ ಗೆರೆಗಳೊಳಗೆ ಬಿದಿರಿನ ಸೀಳು. ಆಮೇಲೆ ಎಣ್ಣೆಯಲ್ಲಿ ಅದ್ದಿದ ಸ್ಟೀಲ್ ವುಲ್‌ನಿಂದ, ಬೆರಳಿನ ಭಾರ ಮಾತ್ರ ಬಿಟ್ಟು, ನಳಿಗೆಯ ಉದ್ದಕ್ಕೆ ಉಜ್ಜಿ. ಒಣ ವುಲ್ ಯಾವತ್ತೂ ಬೇಡ.

ಹತ್ತು ಸಲ ಉಜ್ಜಿ, ಬಿಳಿ ಬಟ್ಟೆಯಿಂದ ಒರೆಸಿ, ಬಟ್ಟೆ ನೋಡಿ. ಮೊದಲು ಬರುವುದು ಕೆಂಪು ಕೆಸರು. ಮತ್ತೆ ಎಣ್ಣೆ, ಮತ್ತೆ ಹತ್ತು ಸಲ, ಮತ್ತೆ ಬಟ್ಟೆಯ ಹೊಸ ಜಾಗದಲ್ಲಿ ಒರೆಸುವುದು. ಕೆಂಪು ಮೆಲ್ಲಗೆ ಕಾಫಿ ಬಣ್ಣಕ್ಕೆ ತಿರುಗುತ್ತದೆ, ಉಗುರಿನ ತುದಿ ಆಡಿಸಿದರೆ ಕರಕರ ಅನ್ನುತ್ತಿದ್ದ ಜಾಗ ಈಗ ಜಾರುತ್ತದೆ. ನಿಲ್ಲಿಸುವ ಹೊತ್ತು ಇದೇ. ಇನ್ನೂ ಉಜ್ಜಿದರೆ ಬಟ್ಟೆ ಬೂದು ಕಪ್ಪಾಗುತ್ತದೆ, ನಳಿಗೆಯ ಮೇಲೆ ಅಲ್ಲಲ್ಲಿ ಬೆಳ್ಳಿಯ ಚುಕ್ಕೆ ಇಣುಕುತ್ತದೆ. ಹಾಗಾದರೆ ನೀವು ತುಕ್ಕು ದಾಟಿ ಬಣ್ಣವನ್ನೇ ತೆಗೆಯುತ್ತಿದ್ದೀರಿ ಅಂತ ಅರ್ಥ, ಕೈ ತೆಗೆಯಿರಿ. ತುಕ್ಕು ತಿಂದ ಸಣ್ಣ ಗುಳಿಗಳು ಉಳಿದೇ ಉಳಿಯುತ್ತವೆ. ಗುಳಿಯ ತಳದ ಕಪ್ಪನ್ನು ಬಿಡಿಸಲು ಹೋಗಬೇಡಿ, ಅದಕ್ಕೆ ಸುತ್ತಲಿನ ಒಳ್ಳೆ ಕಬ್ಬಿಣವನ್ನೇ ಇಳಿಸಬೇಕಾಗುತ್ತದೆ. ಒಂದು ನಳಿಗೆಗೆ ಒಂದು ವಾರ ಹಿಡಿದರೂ ಹಿಡಿಯಲಿ, ಅವಸರ ಏನಿದೆ?

ಅಡ್ಡದಾರಿಗಳ ಬಗ್ಗೆ ಹೇಳಲೇಬೇಕು. ಕಾಚಂಪುಳಿ, ಅಂದರೆ ನಮ್ಮ ಕೊಡಗಿನ ಕಪ್ಪು ಹುಳಿ, ಹಚ್ಚಿದರೆ ತುಕ್ಕು ಹೋಗುತ್ತದೆ ಅಂತ ಹೇಳುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಹೋಗುತ್ತದೆ, ನಿಜ. ಹುಣಸೆಹಣ್ಣು, ನಿಂಬೆ, ವಿನೆಗರ್‌ನಲ್ಲೂ ಹೋಗುತ್ತದೆ. ಆದರೆ ಹುಳಿಗೆ ಕೆಂಪು ತುಕ್ಕು ಯಾವುದು, ಕಂದು ಬಣ್ಣ ಯಾವುದು ಅಂತ ಗೊತ್ತಾಗುವುದಿಲ್ಲ, ಎರಡನ್ನೂ ತಿನ್ನುತ್ತದೆ. ಕಾಚಂಪುಳಿ ಪಂದಿಕರಿಗೆ ಇರಲಿ. ಟಾಯ್ಲೆಟ್ ತೊಳೆಯುವ ಆಸಿಡ್ ಇನ್ನೂ ಕೆಟ್ಟದು, ಅದರ ಹೊಗೆಗೇ ಅದೇ ಕೋಣೆಯ ಕತ್ತಿ, ಬೀಗಗಳಿಗೆಲ್ಲ ತುಕ್ಕು ಹಿಡಿಯುತ್ತದೆ. ಡಬ್ಲ್ಯೂಡಿ-40 ಹೊಡೆದು ಇಟ್ಟುಬಿಡುವುದೂ ಕೆಲಸಕ್ಕೆ ಬಾರದು. ಅದು ನೀರು ಓಡಿಸಲು ಒಳ್ಳೆಯದು, ಆದರೆ ನಮ್ಮ ಮಳೆಗಾಲ ಪೂರ್ತಿ ಕಾಯುವಷ್ಟು ದಪ್ಪ ಪದರ ಬಿಡುವುದಿಲ್ಲ. ತೆಂಗಿನೆಣ್ಣೆ ಹಳೇ ಅಭ್ಯಾಸ, ನನಗೂ ಅದರ ಮೇಲೆ ಗೌರವ ಇದೆ, ಆದರೂ ಬೇಡ ಅನ್ನುತ್ತೇನೆ. 24 ಡಿಗ್ರಿಗಿಂತ ತಣ್ಣಗಾದರೆ ಅದು ಗಟ್ಟಿಯಾಗುತ್ತದೆ, ಮಡಿಕೇರಿ ಚಳಿಯಲ್ಲಿ ಕೇಳಬೇಕಾ? ಹಳತಾದರೆ ಕಮಟಾಗಿ ಹಿತ್ತಾಳೆಗೆ ಹಸಿರು ಕಿಲುಬು ತರಿಸುತ್ತದೆ.

ನಳಿಗೆಯ ಒಳಗೆ ನೀರೇ ಬೇಕು

ಕೋವಿಗೆ ನೀರು ಅಂದರೆ ಎಲ್ಲರಿಗೂ ಭಯ. ಆದರೆ ಕಪ್ಪು ಮದ್ದು ಸುಟ್ಟ ಮೇಲೆ ಉಳಿಯುವ ಕಿಟ್ಟದಲ್ಲಿ ಉಪ್ಪಿನಂಥ ಲವಣಗಳಿರುತ್ತವೆ, ಹಳೇ ಕಾಲದ ಕೇಪಿನಿಂದಲೂ ಅಂಥದ್ದೇ ಉಪ್ಪು ಬರುತ್ತಿತ್ತು. ಗಾಳಿಯ ತೇವವನ್ನು ಎಳೆದುಕೊಂಡು ಒಳಗಿಂದ ತುಕ್ಕು ಹಿಡಿಸುವುದು ಇವೇ. ಕೇಪಿನ ತೊಟ್ಟಿನ ಸುತ್ತ ಯಾವಾಗಲೂ ಜಾಸ್ತಿ ತುಕ್ಕು ಇರುವುದು ಇದೇ ಕಾರಣಕ್ಕೆ. ಸೀಮೆಎಣ್ಣೆಗೂ ಪೆಟ್ರೋಲಿಗೂ ಉಪ್ಪು ಕರಗುವುದಿಲ್ಲ, ನೀರಿಗೆ ಮಾತ್ರ ಕರಗುತ್ತದೆ.

ಮರದಿಂದ ಬೇರೆ ಮಾಡಿದ ನಳಿಗೆಯ ಬುಡವನ್ನು ಬಿಸಿನೀರಿನ ಬಕೆಟ್ಟಿಗೆ ಇಳಿಸಿ. ಕೋಲಿನ ತುದಿಗೆ ಬಟ್ಟೆ ಬಿಗಿದು ಮೇಲೆ ಕೆಳಗೆ ಎಳೆದರೆ ತೊಟ್ಟಿನ ತೂತಿನಿಂದ ನೀರು ಒಳಗೆ ಬಂದು ಹೋಗುತ್ತದೆ. ಕಪ್ಪು ನೀರು ಬರುತ್ತದೆ, ಕೊಳೆತ ಮೊಟ್ಟೆಯ ವಾಸನೆಯೂ ಬರಬಹುದು. ತಿಳಿ ಬರುವವರೆಗೆ ನೀರು ಬದಲಿಸಿ. ಕೊನೆಯ ನೀರು ಕೈ ಸುಡುವಷ್ಟು ಬಿಸಿ ಇರಲಿ, ಆ ಕಾವಿಗೆ ನಳಿಗೆ ಬೇಗ ಆರುತ್ತದೆ. ತಡ ಮಾಡದೆ ಒಣ ಬಟ್ಟೆ, ಆಮೇಲೆ ಎಣ್ಣೆ ಬಟ್ಟೆ. ಹತ್ತು ನಿಮಿಷ ಬಿಟ್ಟರೂ ತೆಳ್ಳಗೆ ಕೆಂಪು ಏಳುತ್ತದೆ. ಈ ಕೆಲಸಕ್ಕೆ ಜನವರಿಯಿಂದ ಮಾರ್ಚ್ ಒಳ್ಳೆಯದು. ಜುಲೈನಲ್ಲಿ ಮಾಡಬೇಡಿ. ಜೋಡು ನಳಿಗೆಯನ್ನು ಹೀಗೆ ನೀರಿಗೆ ಹಾಕಬೇಡಿ, ಎರಡು ನಳಿಗೆಗಳ ನಡುವಿನ ಬೆಸುಗೆಯ ಸಂದಿಗೆ ನೀರು ಹೋದರೆ ಹೊರಗೆ ಬರುವುದಿಲ್ಲ.

ಮರ, ಹಿತ್ತಾಳೆ, ಮೇಣ

ಮರಕ್ಕೆ ವಾರ್ನಿಶ್ ಬೇಡ, ಉಜ್ಜುವುದೂ ಬೇಡ. ಒದ್ದೆ ಮಾಡಿ ಹಿಂಡಿದ ಬಟ್ಟೆಯಿಂದ ಒರೆಸಿ, ಆರಿದ ಮೇಲೆ ಜೇನುಮೇಣ ತೆಳ್ಳಗೆ ಹಚ್ಚಿ ಬಟ್ಟೆಯಿಂದ ತಿಕ್ಕಿದರೆ ಸಾಕು. ಹಿತ್ತಾಳೆಯನ್ನು ಫಳಫಳ ಅನ್ನಿಸಬೇಡಿ, ಪಾಲಿಶ್‌ನ ಬಿಳಿ ಹುಡಿ ಸಂದಿಯಲ್ಲಿ ಕೂತರೆ ಹೊರಗೆ ಬರುವುದಿಲ್ಲ.

ನಳಿಗೆಯ ಹೊರಮೈಗೆ ನನ್ನ ಆಯ್ಕೆ ಎಣ್ಣೆಯಲ್ಲ, ಮೇಣ. ಎಣ್ಣೆ ಹರಿಯುತ್ತದೆ, ಧೂಳು ಹಿಡಿಯುತ್ತದೆ, ಮರಕ್ಕೆ ಇಳಿದು ಅದನ್ನು ಕಪ್ಪಗೆ, ಮೆತ್ತಗೆ ಮಾಡುತ್ತದೆ. ಮ್ಯೂಸಿಯಂಗಳಲ್ಲಿ ಬಳಸುವ ಮೈಕ್ರೋಕ್ರಿಸ್ಟಲಿನ್ ಮೇಣ ಸಿಕ್ಕಿದರೆ ತರಿಸಿ, ದುಬಾರಿ, ಆದರೆ ಒಂದು ಡಬ್ಬಿ ಬಹಳ ವರ್ಷ ಬರುತ್ತದೆ. ಸೀಮೆಎಣ್ಣೆ ಬಟ್ಟೆಯಿಂದ ಜಿಡ್ಡು ಒರೆಸಿ, ನಳಿಗೆಯನ್ನು ಬಿಸಿಲಿಗೆ ಕೈಗೆ ಬೆಚ್ಚಗಾಗುವಷ್ಟು ಕಾಯಿಸಿ ಹಚ್ಚಿದರೆ ಸಣ್ಣ ಗುಳಿಗಳಿಗೂ ಇಳಿಯುತ್ತದೆ. ಒಳಗೆ ಮಾತ್ರ ಎಣ್ಣೆಯೇ ಸರಿ. ಇಲ್ಲಿಂದ ಮುಂದೆ ಬರಿಗೈಯಲ್ಲಿ ಮುಟ್ಟಬೇಡಿ, ಬೆವರಿನಲ್ಲೂ ಉಪ್ಪಿದೆ, ಬೆರಳಚ್ಚು ಇದ್ದ ಹಾಗೇ ತುಕ್ಕಾಗುತ್ತದೆ.

ಇಡುವುದು ಎಲ್ಲಿ

ಚರ್ಮದ ಚೀಲದಲ್ಲಿ, ಕಂಬಳಿಯಲ್ಲಿ ಸುತ್ತಿ ಇಡಬೇಡಿ, ಎರಡೂ ತೇವ ಹಿಡಿದಿಡುತ್ತವೆ. ಹೊರಗೋಡೆಗೆ ತೂಗುಹಾಕುವುದೂ ಬೇಡ. ಮಡಿಕೇರಿಯಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ, ಆ ಗೋಡೆ ತಿಂಗಳುಗಟ್ಟಲೆ ಒಸರುತ್ತಿರುತ್ತದೆ. ಮನೆಯ ನಡುವಿನ ಕೋಣೆಯಲ್ಲಿ, ಬೀಗ ಹಾಕುವ ಬೀರುವಿನೊಳಗೆ, ನಳಿಗೆಯ ಬಾಯಿ ಕೆಳಗೆ ಮಾಡಿ ಇಡಿ, ಒಳಗಿನ ಎಣ್ಣೆ ಮರದ ಕಡೆ ಇಳಿಯುವುದಿಲ್ಲ. ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಡಬ್ಬಿ ಇರಲಿ. ನೀಲಿ ಹರಳು ಗುಲಾಬಿಯಾದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಮತ್ತೆ ನೀಲಿಯಾಗುವವರೆಗೆ ಬಿಸಿ ಮಾಡಿ. ಆ ಬಾಣಲೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ.

ಹಬ್ಬದ ದಿನ ಕೋವಿಗೆ ಗಂಧ ಹಚ್ಚಬೇಕು, ಬಾಯಿಗೆ ತೋಕ್ ಪೂ, ಅಂದರೆ ಕೋವಿ ಹೂವು, ಸಿಕ್ಕಿಸಬೇಕು, ಅದನ್ನು ಯಾರೂ ಬಿಡಬೇಕಾಗಿಲ್ಲ. ಗಂಧದ ಬೊಟ್ಟನ್ನು ಮರದ ಮೇಲೆ ಇಡಿ. ಹೂವನ್ನು ವಾರಗಟ್ಟಲೆ ಹಾಗೇ ಬಿಟ್ಟು ಬಾಯಿಯ ಅಂಚಿನಲ್ಲಿ ದುಂಡಗೆ ತುಕ್ಕು ಬಂದ ಕೋವಿಗಳು ಎಷ್ಟೋ ಇವೆ, ಅವತ್ತೇ ಸಂಜೆ ತೆಗೆದು ಒರೆಸಿ. ಸುಗ್ಗಿಯ ಹಬ್ಬ ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಈಡು ಹೊಡೆಯಲು ಬೇರೆ ಗಟ್ಟಿ ಕೋವಿ ಬಳಸಿ. ಅಜ್ಜನ ಕೋವಿಯನ್ನು, ಅದರಲ್ಲೂ ಡಮಾಸ್ಕಸ್ ನಳಿಗೆಯದ್ದನ್ನು, ಹೊಡೆಯಲು ಬಳಸಬೇಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಮ್ಮೆ ಬಿಳಿ ಬಟ್ಟೆ ಆಡಿಸಿ ನೋಡಿ. ಮೊದಲು ನೋಡಬೇಕಾದದ್ದು ಕೇಪಿನ ತೊಟ್ಟಿನ ಬುಡ, ನಳಿಗೆ ಮರಕ್ಕೆ ತಾಗುವ ಗೆರೆ, ನಳಿಗೆಯ ಬಾಯಿಯ ಒಳ ಅಂಚು. ಬಟ್ಟೆ ಕೆಂಪಾದರೆ ಅಷ್ಟೇ ಜಾಗಕ್ಕೆ ಎಣ್ಣೆ, ಸ್ಟೀಲ್ ವುಲ್, ಮೇಣ. ಇಡೀ ಕೋವಿಯನ್ನು ಮತ್ತೆ ಬಿಚ್ಚಬೇಡಿ.