ಅರೇಬಿಕಾಗೆ ಹಸಿರು, ರೊಬಸ್ಟಾಗೆ ಜೇನಿನ ಬಣ್ಣ: ಜಾವಾ ವಿಂಡೋಗೆ ಬಣ್ಣ ಕೊಟ್ಟ ಅನುಭವ

ಸಿದ್ದಾಪುರದ ಕಡೆ ಒಂದು ಕಾಫಿ ತೋಟಕ್ಕೆ ಕುಯ್ಲಿನ ಲೆಕ್ಕದ ಪ್ರೋಗ್ರಾಂ ಬರೆದುಕೊಟ್ಟಿದ್ದೇನೆ, ಜಾವಾ ಸ್ವಿಂಗ್‌ನಲ್ಲಿ (ವಿಂಡೋ, ಬಟನ್ ಇತ್ಯಾದಿ ಕಟ್ಟಲು ಜಾವಾ ಭಾಷೆಯಲ್ಲಿರುವ ಲೈಬ್ರರಿ). ಜನವರಿಯಲ್ಲಿ ಅರೇಬಿಕಾದ ಕೊನೆಯ ಕುಯ್ಲು ಮುಗಿಯುವ ಮೊದಲೇ ರೊಬಸ್ಟಾ ಹಣ್ಣಾಗಿರುತ್ತದೆ. ಸಂಜೆ ತೂಕದ ಹೊತ್ತಿಗೆ ಎರಡೂ ಬಗೆಯ ಚೀಲ ಬಂದು ಬೀಳುತ್ತವೆ. ಆ ತೋಟದಲ್ಲಿ ಕೆಜಿ ಲೆಕ್ಕದ ಕೂಲಿ ಎರಡಕ್ಕೂ ಬೇರೆ. "ಸರ್, ಹೆಸರು ಓದೋಕೆ ಪುರುಸೊತ್ತಿರಲ್ಲ, ನೋಡಿದ ಕೂಡ್ಲೆ ಯಾವ ಕಾಫಿ ಅಂತ ಗೊತ್ತಾಗ್ಬೇಕು" ಎಂದರು ತೋಟದ ಲೆಕ್ಕ ಬರೆಯುವ ರೈಟರ್. ಕುಯ್ದವರ ಕೂಲಿಯ ಪ್ರಶ್ನೆ ಇದು, ಅಲಂಕಾರದ್ದಲ್ಲ.

ಸ್ವಿಂಗ್‌ನಲ್ಲಿ ವಿಂಡೋ ಎಂದರೆ ಜೆಫ್ರೇಮ್. ಅದರ ಮೇಲೆ ನೇರವಾಗಿ ಸೆಟ್‌ಬ್ಯಾಕ್‌ಗ್ರೌಂಡ್ (ಹಿನ್ನೆಲೆ ಬಣ್ಣ ಕೊಡುವ ಮೆಥಡ್) ಕರೆದರೆ ಬಣ್ಣ ಕಾಣಿಸುವುದಿಲ್ಲ. ಫ್ರೇಮಿನ ಮೇಲೆ ಕಂಟೆಂಟ್ ಪೇನ್ ಎಂಬ ಪದರ ಹಾಸಿಕೊಂಡಿರುತ್ತದೆ, ನಮ್ಮ ಕಣ್ಣಿಗೆ ಬೀಳುವುದು ಅದೇ. ಜಾವಾ 5ರಿಂದ ಈಚೆಗೆ ಫ್ರೇಮಿಗೆ ಆಡ್ ಮಾಡಿದ ಬಟನ್, ಲೇಬಲ್ ಇತ್ಯಾದಿ ತಾನಾಗಿಯೇ ಕಂಟೆಂಟ್ ಪೇನ್‌ಗೆ ಹೋಗುತ್ತದೆ. ಬಣ್ಣಕ್ಕೆ ಆ ಅನುಕೂಲವಿಲ್ಲ. ಹಾಗಾಗಿ ಮೊದಲು ಗೆಟ್‌ಕಂಟೆಂಟ್‌ಪೇನ್ ಕರೆದು, ಸಿಕ್ಕಿದ್ದರ ಮೇಲೆ ಸೆಟ್‌ಬ್ಯಾಕ್‌ಗ್ರೌಂಡ್ ಕರೆಯಬೇಕು.

ಅಷ್ಟಕ್ಕೇ ಮುಗಿಯಲಿಲ್ಲ. ನನ್ನ ವಿಂಡೋದೊಳಗೆ ಹಲವು ಜೆಪ್ಯಾನೆಲ್‌ಗಳಿದ್ದವು (ಬಟನ್, ಲೇಬಲ್‌ಗಳನ್ನು ಗುಂಪಾಗಿ ಇಡುವ ಚೌಕಗಳು), ಪ್ರತಿಯೊಂದೂ ತನ್ನದೇ ಬೂದು ಬಣ್ಣ ಬಳಿದುಕೊಳ್ಳುತ್ತಿತ್ತು. ಒಂದೊಂದಕ್ಕೂ ಬಣ್ಣ ಕೊಡುತ್ತಾ ಹೋಗುವ ಬದಲು ಎಲ್ಲಕ್ಕೂ ಸೆಟ್‌ಒಪೇಕ್ ಫಾಲ್ಸ್, ಅಂದರೆ ಹಿನ್ನೆಲೆ ಬಳಿಯಬೇಡ, ಎಂದು ಬರೆದೆ. ಈಗ ಅವು ಪಾರದರ್ಶಕ, ಹಿಂದಿನ ಬಣ್ಣ ತೋರುತ್ತದೆ. ರೈಟರ್ ರೊಬಸ್ಟಾ ಬಟನ್ ಒತ್ತಿದರೆ ಕಂಟೆಂಟ್ ಪೇನ್‌ನ ಬಣ್ಣ ಬದಲಿಸುವ ಒಂದೇ ಸಾಲು ಸಾಕು. ವಿಂಡೋವನ್ನು ಮತ್ತೆ ಬಿಡಿಸುವ ರೀಪೇಂಟ್ ಅನ್ನು ಬೇರೆ ಕರೆಯಬೇಕಿಲ್ಲ. ನನಗೆ ಇದರಲ್ಲಿ ಅತಿ ಇಷ್ಟವಾದ ಭಾಗ ಇದು. ಅಕ್ಷರ ತೋರಿಸುವ ಜೆಲೇಬಲ್ ಮೊದಲಿನಿಂದಲೇ ಪಾರದರ್ಶಕ, ಲೇಬಲ್‌ಗೆ ಬೇರೆ ಹಿನ್ನೆಲೆ ಬೇಕಿದ್ದರೆ ಸೆಟ್‌ಒಪೇಕ್ ಟ್ರೂ ಮಾಡಬೇಕು. ತೂಕ ಬರೆಯುವ ಪೆಟ್ಟಿಗೆಗಳನ್ನು ಬಿಳಿಯಾಗಿಯೇ ಬಿಟ್ಟೆ, ಅಂಕಿ ಎದ್ದು ಕಾಣಬೇಕಲ್ಲ.

ಬಣ್ಣ ಆರಿಸಿದ್ದು ಗೋಡೌನಿನ ಮಾನಿಟರ್ ಮುಂದೆ, ಕತ್ತಲಾಗುವ ಹೊತ್ತಿನಲ್ಲಿ. ಕೆಂಪು, ಹಸಿರು, ನೀಲಿ ಬಣ್ಣಗಳ ಪ್ರಮಾಣ ಹೀಗೆ: ಅರೇಬಿಕಾಗೆ 226, 240, 217. ರೊಬಸ್ಟಾಗೆ 250, 226, 190. ಎರಡೂ ತಿಳಿ ಬಣ್ಣ, ಕಪ್ಪು ಅಕ್ಷರ ಸಲೀಸಾಗಿ ಓದಬಹುದು. ಬಣ್ಣಗಳ ವ್ಯತ್ಯಾಸ ಎಲ್ಲರ ಕಣ್ಣಿಗೂ ಒಂದೇ ರೀತಿ ತಿಳಿಯುವುದಿಲ್ಲವಾದ್ದರಿಂದ ಮೇಲ್ಗಡೆ ಕಾಫಿಯ ಹೆಸರನ್ನೂ ದಪ್ಪಕ್ಷರದಲ್ಲಿ ಇಟ್ಟೆ.

ಉಳಿದದ್ದು ಆ ದಿನದ ತೂಕದ ಪಟ್ಟಿ. ಅದನ್ನು ತೋರಿಸುವುದು ಜೆಟೇಬಲ್. ಸಾಲುಗಳು ಕಡಿಮೆ ಇದ್ದಾಗ ಅದರ ಕೆಳಗೆ ಬೂದು ಜಾಗ ಉಳಿಯುತ್ತದೆ. ಆ ಜಾಗ ಟೇಬಲ್‌ನದಲ್ಲ, ಪಟ್ಟಿಯನ್ನು ಮೇಲೆ ಕೆಳಗೆ ಸರಿಸಲು ಸುತ್ತ ಹಾಕಿದ ಸ್ಕ್ರೋಲ್‌ಪೇನ್ ಒಳಗಿನ ವ್ಯೂಪೋರ್ಟ್‌ನದು, ಅಂದರೆ ಪಟ್ಟಿ ಕಾಣುವ ಕಿಂಡಿಯದು. ಸ್ಕ್ರೋಲ್‌ಪೇನ್, ವ್ಯೂಪೋರ್ಟ್ ಎರಡಕ್ಕೂ ಸೆಟ್‌ಒಪೇಕ್ ಫಾಲ್ಸ್ ಕೊಟ್ಟ ಮೇಲೆ ಅಲ್ಲಿಯೂ ಕಾಫಿಗೆ ತಕ್ಕ ಬಣ್ಣ ಬಂತು.